ಬಟ್ಟೆಯ ಮೇಲೆ ತಿಕ್ಕಿದ ಸಿಹಿ: ರಸಾಲೆ ಮಾಡುವ ಬಗೆ

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಏನೇನಿದೆ ನೋಡಿ: ಹೊಸದೊಂದು ಮಣ್ಣಿನ ಮಡಕೆ, ಅದರ ಬಾಯಿಗೆ ಬಿಗಿದು ಕಟ್ಟಿದ ಬಿಳಿ ಬಟ್ಟೆ, ಒಂದು ಬೋಗುಣಿ ತುಂಬ ನೀರು ಬಸಿದ ಎಮ್ಮೆ ಮೊಸರು, ಸಕ್ಕರೆ, ಕಾಯಿಸಿ ಆರಿಸಿದ ಹಾಲು, ನಾಲ್ಕು ಬಗೆಯ ಮಸಾಲೆ. ಒಲೆ ಇಲ್ಲ. ಈ ಸಿಹಿಗೆ ಬೆಂಕಿಯ ಕೆಲಸ ಹಾಲು ಕಾಯಿಸುವಲ್ಲಿಗೇ ಮುಗಿಯುತ್ತದೆ. ಆಮೇಲಿನದೆಲ್ಲ ಅಂಗೈಯ ಕೆಲಸ, ಬಟ್ಟೆಯ ಕೆಲಸ.

ಇದರ ಹೆಸರು ರಸಾಲೆ. ಶಿಖರಿಣಿ ಎಂದೂ ಕರೆಯುತ್ತಾರೆ. ಶಿಖರಿಣಿ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಬದುಕಿದೆ. ಮಾವಿನಹಣ್ಣಿನ ಸೀಕರಣೆ, ಬಾಳೆಹಣ್ಣಿನ ಸೀಕರಣೆ ಎನ್ನುತ್ತೇವಲ್ಲ, ಆ ಸೀಕರಣೆ ಇದೇ ಶಬ್ದದ ಮಗಳು. ಮರಾಠಿಯ ಶಿಕರಣವೂ ಅದೇ. ಹೆಸರು ಉಳಿಯಿತು, ಒಳಗಿನ ಮೊಸರು ಹೋಗಿ ಹಣ್ಣು ಬಂತು. ಅತ್ತ ಮೊಸರು ಉಳಿಸಿಕೊಂಡ ಕವಲು ಶ್ರೀಖಂಡ. ಆದರೆ ಹಳೆಯ ರಸಾಲೆಯೂ ಇಂದಿನ ಶ್ರೀಖಂಡವೂ ಒಂದೇ ಅಲ್ಲ. ಶ್ರೀಖಂಡ ಚಮಚದಲ್ಲಿ ನಿಲ್ಲುತ್ತದೆ. ರಸಾಲೆ ಲೋಟಕ್ಕೆ ಸುರಿಯುತ್ತದೆ. ಹಾಗೆಂದು ಹೇಗೆ ಗೊತ್ತು ಎಂದರೆ, ಅಳತೆ ಸಮೇತ ಬರೆದಿಟ್ಟ ಪಾಕವೇ ಹಾಗೆ ಹೇಳುತ್ತದೆ.

16ನೆಯ ಶತಮಾನದ ಭಾವಮಿಶ್ರನ ಭಾವಪ್ರಕಾಶ ವೈದ್ಯಗ್ರಂಥ. ಅದರಲ್ಲಿ ಬೇಯಿಸಿದ, ಸಿದ್ಧಪಡಿಸಿದ ಆಹಾರಗಳಿಗೆ ಕೃತಾನ್ನವರ್ಗ ಎಂಬ ಭಾಗವಿದೆ. ರಸಾಲೆಯ ಶ್ಲೋಕ ಇರುವುದು ಅಲ್ಲಿ. ಊಟಪ್ರಿಯನಾದ ಭೀಮ ಇದನ್ನು ತಾನೇ ಮಾಡಿದನೆಂದೂ ಶ್ರೀಕೃಷ್ಣ ಮತ್ತೆ ಮತ್ತೆ ಕೇಳಿ ಸವಿದನೆಂದೂ ಅದರ ಮುಂದಿನ ಪದ್ಯ ಹೇಳುತ್ತದೆ. ಕಥೆ ಸೊಗಸು, ಅಡುಗೆ ಮಾಡುವವರಿಗೆ ಅದಕ್ಕಿಂತ ಬೆಲೆಯುಳ್ಳದ್ದು ಮೊದಲ ಶ್ಲೋಕದ ಅಳತೆ. ಹುಳಿಯಾದ, ನೀರಿಲ್ಲದ ಎಮ್ಮೆ ಮೊಸರು ಒಂದು ಆಢಕ. ಬಿಳಿಯ ಸಕ್ಕರೆ ಎರಡು ಪ್ರಸ್ಥ. ಇವನ್ನು ಶುಭ್ರವಾದ ಬಟ್ಟೆಯ ಮೇಲೆ ಸ್ವಲ್ಪ ಸ್ವಲ್ಪವಾಗಿ ಹಾಕುತ್ತ, ಅರ್ಧ ಘಟ ಹಾಲಿನೊಂದಿಗೆ, ಹೊಸ ಮಣ್ಣಿನ ಪಾತ್ರೆಗೆ ಗಟ್ಟಿಯಾಗಿ ಒತ್ತಿ ಸೋಸಬೇಕು. ಕೊನೆಗೆ ಏಲಕ್ಕಿ ಬೀಜ, ಲವಂಗ, ಚಂದ್ರ, ಮೆಣಸು ತಕ್ಕಷ್ಟು. ಚಂದ್ರ ಎಂದರೆ ಕರ್ಪೂರ.

ವೈದ್ಯರ ಲೆಕ್ಕದಲ್ಲಿ ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣ. ಘಟ ಎಂಬುದು ದ್ರೋಣದ ಇನ್ನೊಂದು ಹೆಸರು. ಪ್ರಸ್ಥಕ್ಕೆ 768 ಗ್ರಾಂ ಎಂದು ಇಂದು ಹಿಡಿಯುವ ಲೆಕ್ಕದಂತೆ ಮೊಸರು ಸುಮಾರು 3 ಕಿಲೋ, ಸಕ್ಕರೆ ಒಂದೂವರೆ ಕಿಲೋ, ಹಾಲು 6 ಕಿಲೋ. ಅಂದರೆ ಮೊಸರಿನ ಅರ್ಧದಷ್ಟು ಸಕ್ಕರೆ, ಎರಡರಷ್ಟು ಹಾಲು. ಈ ಪ್ರಮಾಣದಲ್ಲಿ ಮಾಡಿದ್ದು ಚಮಚದಲ್ಲಿ ನಿಲ್ಲುವುದು ಸಾಧ್ಯವೇ ಇಲ್ಲ. ದ್ರವ ಪದಾರ್ಥಗಳನ್ನು ಹೇಳಿದ್ದಕ್ಕಿಂತ ಎರಡು ಪಟ್ಟು ತೆಗೆದುಕೊಳ್ಳಬೇಕೆಂಬ ನಿಯಮವೂ ವೈದ್ಯಶಾಸ್ತ್ರದಲ್ಲಿದೆ. ಅದನ್ನು ಮೊಸರು ಹಾಲುಗಳಿಗೆ ಹಚ್ಚಿದರೆ ಸಿಹಿ ಅರ್ಧಕ್ಕಿಳಿದು ಹುಳಿ ಮುಂದಾಗುತ್ತದೆ. ಅದು ಔಷಧ ತಯಾರಿಸುವವರ ನಿಯಮ. ಅಡುಗೆಗೆ ಶ್ಲೋಕದಲ್ಲಿ ಇದ್ದದ್ದನ್ನು ಇದ್ದಂತೆ ಹಿಡಿಯುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಮನೆಯ ಅಳತೆಗೆ ಇಳಿಸಿದರೆ ಹೀಗಾಗುತ್ತದೆ: ನೀರು ಬಸಿದ ಮೊಸರು 500 ಗ್ರಾಂ, ಸಕ್ಕರೆ 250 ಗ್ರಾಂ, ಹಾಲು 1 ಲೀಟರ್. ಹತ್ತು ಹನ್ನೆರಡು ಜನರಿಗೆ ಸಣ್ಣ ಲೋಟದಲ್ಲಿ ಸಾಕು. ಒಟ್ಟು ತೂಕದಲ್ಲಿ ಸಕ್ಕರೆ ಏಳರಲ್ಲಿ ಒಂದು ಪಾಲು. ಮಸಾಲೆಯ ರುಚಿ ನಾಲಿಗೆಗೆ ಬಿಡಿಬಿಡಿಯಾಗಿ ತಿಳಿಯಬೇಕಾದರೆ ಸಿಹಿ ಇಷ್ಟರಲ್ಲೇ ಇರಬೇಕು.

ಈಗ ಮೊಸರು. ಶ್ಲೋಕ ಮೊಸರಿಗೆ ಮೂರು ವಿಶೇಷಣ ಕೊಟ್ಟಿದೆ: ಎಮ್ಮೆಯದು, ಹುಳಿ, ನೀರಿಲ್ಲದ್ದು. ಮೂರೂ ಬೇಕೆಂದೇ ಹಾಕಿದ ಮಾತು.

ಎಮ್ಮೆ ಹಾಲಿನಲ್ಲಿ ಜಿಡ್ಡು ಸಾಮಾನ್ಯವಾಗಿ 6ರಿಂದ 8 ಶೇಕಡಾ, ಹಸುವಿನ ಹಾಲಿನಲ್ಲಿ ಅದರ ಅರ್ಧದ ಆಸುಪಾಸು. ಪ್ರೋಟೀನೂ ಎಮ್ಮೆಯದರಲ್ಲಿ ಹೆಚ್ಚು. ಒಂದು ಕಿಲೋ ಎಮ್ಮೆ ಮೊಸರು ಬಸಿದರೆ ಅರ್ಧ ಕಿಲೋ ಅಥವಾ ಇನ್ನೂ ತುಸು ಹೆಚ್ಚು ಗಟ್ಟಿ ಭಾಗ ಸಿಗುತ್ತದೆ. ಹಸುವಿನದಾದರೆ 350ರಿಂದ 400 ಗ್ರಾಂ ಸಿಕ್ಕರೆ ಹೆಚ್ಚು. ಹಸುವಿನ ಮೊಸರಿನಲ್ಲಿ ರಸಾಲೆ ಆಗದೆಂದಲ್ಲ. ಬೆರೆಸುವ ಹಾಲಿನ ಅಳತೆಯನ್ನು ಅರ್ಧಕ್ಕೆ ಇಳಿಸಬೇಕು, ಇಲ್ಲದಿದ್ದರೆ ಮಜ್ಜಿಗೆಯಂತೆ ನೀರಾಗುತ್ತದೆ.

ಹುಳಿಯ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಸಿಹಿ ಮಾಡುತ್ತೇವೆ, ಮೊಸರೂ ಸಿಹಿಯಾಗಿರಲಿ ಎಂದು ಆಗಷ್ಟೇ ಹೆಪ್ಪುಗಟ್ಟಿದ್ದನ್ನು ತರುತ್ತಾರೆ. ಅಷ್ಟು ಸಕ್ಕರೆ, ಎರಡು ಪಟ್ಟು ಹಾಲು ಬಿದ್ದ ಮೇಲೆ ಅದು ಸಕ್ಕರೆ ಹಾಕಿದ ಹಾಲಿನಂತೆ ಸಪ್ಪೆಯಾಗುತ್ತದೆ. ಹುಳಿ ಬಂದ ಮೊಸರು ಗಟ್ಟಿಯಾಗಿ ಕೂತಿರುತ್ತದೆ, ನೀರನ್ನೂ ಸುಲಭವಾಗಿ ಬಿಟ್ಟುಕೊಡುತ್ತದೆ. ಹಾಗೆಂದು ಮೂರು ದಿನದ ಹಳೆಯ ಮೊಸರು ಬೇಡ. ಹುಳಿ ಬೇರೆ, ಹಳಸು ಬೇರೆ. ಹಳತಾದದ್ದರಲ್ಲಿ ಕಹಿ ಇರುತ್ತದೆ, ಮುಗ್ಗು ವಾಸನೆ ಇರುತ್ತದೆ, ಯಾವ ಏಲಕ್ಕಿಯೂ ಅದನ್ನು ಮುಚ್ಚದು.

ಹೆಪ್ಪು ಹಾಕುವ ಕ್ರಮ: ಒಂದೂಕಾಲು ಲೀಟರ್ ಎಮ್ಮೆ ಹಾಲನ್ನು ಉಕ್ಕಿಸಿ, ಸಣ್ಣ ಉರಿಯಲ್ಲಿ ಇನ್ನೂ ಹತ್ತು ನಿಮಿಷ ಕುದಿಸಿ. ಬೆರಳು ಅದ್ದಿದರೆ ಹಿತವಾಗಿ ಬೆಚ್ಚಗಿರುವಾಗ, ಅಂದರೆ 40 ಡಿಗ್ರಿಯ ಆಚೀಚೆ, ಲೀಟರಿಗೊಂದು ಟೀ ಚಮಚ ಹೆಪ್ಪು ಕದಡಿ. ಆರೆಂಟು ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೂ ಬೇಸಿಗೆಯಲ್ಲಿ ಮೂರು ಗಂಟೆ, ಚಳಿಯಲ್ಲಿ ಐದಾರು ಗಂಟೆ ಹೊರಗೇ ಬಿಡಿ. ಹುಳಿ ನಾಲಿಗೆಯ ಅಂಚಿಗೆ ಸ್ಪಷ್ಟವಾಗಿ ಮುಟ್ಟಬೇಕು, ಆದರೆ ಹಲ್ಲು ಜುಮ್ಮೆನ್ನಬಾರದು.

ನೀರು ಬಸಿಯಲು ಗಂಜಿ ಇಲ್ಲದ ತೆಳು ಹತ್ತಿ ಬಟ್ಟೆ, ಎರಡು ಪದರ. ಹಳೆಯ ಪಂಚೆಯ ತುಂಡು ಚೆನ್ನ. ಸಾಬೂನಿನ ವಾಸನೆ ಜಿಡ್ಡಿಗೆ ಬೇಗ ಹತ್ತುತ್ತದೆ, ಆದ್ದರಿಂದ ಬರೀ ನೀರಿನಲ್ಲಿ ಕುದಿಸಿ ಒಣಗಿಸಿದ ಬಟ್ಟೆ ಇರಲಿ. ಮೊಸರು ಸುರಿದು ಗಂಟು ಕಟ್ಟಿ ಎಂಟು ಹತ್ತು ಗಂಟೆ ತೂಗುಹಾಕಿ. ಬೇಸಿಗೆಯಾದರೆ ಬಟ್ಟೆ ಸಮೇತ ಜರಡಿಯಲ್ಲಿಟ್ಟು, ಕೆಳಗೊಂದು ಪಾತ್ರೆ ಇಟ್ಟು, ಫ್ರಿಜ್ಜಿನಲ್ಲಿಡಿ. ಹೊರಗೆ ತೂಗಿದರೆ ರಾತ್ರಿಯಿಡೀ ಹುಳಿ ಏರುತ್ತಲೇ ಹೋಗುತ್ತದೆ. ಬೇಗ ಆಗಲೆಂದು ಆರಂಭದಲ್ಲೇ ಹಿಂಡಬೇಡಿ, ಕಲ್ಲು ಹೇರಬೇಡಿ. ಇಳಿಯುವ ನೀರನ್ನು ನೋಡಿದರೆ ಗೊತ್ತಾಗುತ್ತದೆ: ಹಸಿರು ಹಳದಿ ಛಾಯೆಯ ತಿಳಿ ಇಳಿದರೆ ಸರಿ. ಬಿಳಿಯಾಗಿ ಇಳಿದರೆ ಮೊಸರು ಸರಿಯಾಗಿ ಹೆಪ್ಪುಗಟ್ಟಿಲ್ಲ, ಇಲ್ಲವೇ ನೀವು ಹಿಂಡಿದ್ದೀರಿ. ಗಟ್ಟಿ ಭಾಗವೇ ಹರಿದು ಹೋಗುತ್ತಿದೆ. ನೀರು ಬಸಿದು ಉಳಿದ ಗಟ್ಟಿ ಮೊಸರಿಗೆ ಉತ್ತರ ಕರ್ನಾಟಕದಲ್ಲಿ ಚಕ್ಕಾ ಎನ್ನುತ್ತಾರೆ. ಹದ ಬಂದ ಚಕ್ಕಾ ಬಟ್ಟೆಯಿಂದ ತಾನಾಗಿ ಬಿಡುತ್ತದೆ, ಬೆರಳಿಗೆ ತೇವ ಹತ್ತುವುದಿಲ್ಲ, ಒತ್ತಿದರೆ ಬೆಣ್ಣೆಯಂತೆ ಗುಳಿ ಬೀಳುತ್ತದೆ. ಉದುರು ಉದುರಾದರೆ ಬಸಿದದ್ದು ಅತಿಯಾಯಿತು. ಅದು ಬಟ್ಟೆಯಲ್ಲಿ ಇಳಿಯುವುದಿಲ್ಲ, ಪನೀರಿನಂತೆ ಕಾಳಾಗಿ ಉಳಿಯುತ್ತದೆ. ಆಗ ಎರಡು ಚಮಚ ಹಾಲು ಹಾಕಿ ಕಲಸಿ ಅರ್ಧ ಗಂಟೆ ಬಿಟ್ಟರೆ ಸರಿಹೋಗುತ್ತದೆ.

ಇಲ್ಲೊಂದು ಪ್ರಶ್ನೆ ಏಳಬೇಕು. ಕಷ್ಟಪಟ್ಟು ನೀರು ತೆಗೆದು, ಮರುಗಳಿಗೆ ಅದರ ಎರಡರಷ್ಟು ಹಾಲು ಸುರಿಯುವುದೇಕೆ? ಮೊಸರಿಗೇ ಹಾಲು ಬೆರೆಸಿದರೆ ಆಗದೆ? ರಸಾಲೆಯ ಗುಟ್ಟು ಇರುವುದೇ ಇಲ್ಲಿ. ಮೊಸರಿನ ಹುಳಿಯಲ್ಲಿ ದೊಡ್ಡ ಪಾಲು ಅದರ ನೀರಿನಲ್ಲಿದೆ, ಉಪ್ಪಿನಂಶವೂ ಅಲ್ಲೇ ಇದೆ. ಬಸಿದಾಗ ಚುರುಕು ಹುಳಿ ಹೊರಹೋಗಿ, ಮೊಸರಿನ ಪರಿಮಳ ಮತ್ತು ಜಿಡ್ಡು ಗಟ್ಟಿ ಭಾಗದಲ್ಲಿ ಉಳಿಯುತ್ತವೆ. ಆ ನೀರಿನ ಜಾಗಕ್ಕೆ ಹಾಲು ತುಂಬುತ್ತದೆ. ತೆಗೆದದ್ದು ಹುಳಿನೀರು, ತುಂಬಿದ್ದು ಸಿಹಿಹಾಲು. ನೇರವಾಗಿ ಮೊಸರಿಗೆ ಹಾಲು ಬೆರೆಸಿದರೆ ಸಿಗುವುದು ತೆಳು, ಹುಳಿಹುಳಿ ನೀರು. ಎಷ್ಟು ಸಕ್ಕರೆ ಸುರಿದರೂ ಆ ಮೈ ಬರುವುದಿಲ್ಲ.

ಇನ್ನು ತಿಕ್ಕುವ ಕೆಲಸ. ಅಮರಕೋಶದಲ್ಲಿ ರಸಾಲೆಗೆ ಕೊಟ್ಟ ಪರ್ಯಾಯ ಪದ ಮಾರ್ಜಿತಾ. ಪರಿಮಾರ್ಜನೆ ಎಂಬ ಮಾತು ನಮಗೆ ಗೊತ್ತು; ತಿಕ್ಕುವುದು, ಉಜ್ಜಿ ಶುಚಿ ಮಾಡುವುದು ಅದರ ಮೂಲಾರ್ಥ. ತಿನಿಸಿಗೆ ಹೆಸರು ಬಂದದ್ದು ಅದನ್ನು ಮಾಡುವ ಬಗೆಯಿಂದಲೇ. ತಿಕ್ಕದೆ ಇದ್ದರೆ ಅದು ರಸಾಲೆಯಲ್ಲ.

ಹೊಸ ಮಡಕೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ತೊಳೆದು ಗಾಳಿಗಿಡಿ. ನೆನೆಸದ ಮಡಕೆ ರಸಾಲೆಯ ನೀರನ್ನು ಕುಡಿಯುತ್ತದೆ, ಹಸಿ ಮಣ್ಣಿನ ವಾಸನೆಯನ್ನೂ ಕೊಡುತ್ತದೆ. ಹಳೆಯ ಮೊಸರಿನ ಮಡಕೆ ಬೇಡ. ಅದರ ರಂಧ್ರಗಳಲ್ಲಿ ಹಳೆಯ ಜಿಡ್ಡು, ಹಳೆಯ ಹುಳಿ ಕೂತಿರುತ್ತದೆ. ಶ್ಲೋಕ ಹೊಸ ಪಾತ್ರೆ ಎಂದು ಒತ್ತಿ ಹೇಳಿದ್ದು ಇದಕ್ಕೆ. ಮಡಕೆ ಇಲ್ಲದಿದ್ದರೆ ಸ್ಟೀಲು ಅಥವಾ ಗಾಜು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರಕ್ಕೆ ಮಾತ್ರ ಹಾಕಲೇಬಾರದು, ಹುಳಿ ಮುಟ್ಟಿದೊಡನೆ ಕಿಲುಬು ಬಿಡುತ್ತದೆ.

ಬಾಯಿಗೆ ಒಂದೇ ಪದರ ಬಟ್ಟೆ ಕಟ್ಟಿ. ನಡುವೆ ಸ್ವಲ್ಪ ತಗ್ಗು ಇರಲಿ. ಒಂದು ಹಿಡಿ ಚಕ್ಕಾ, ಅದರ ಮೇಲೆ ಅರ್ಧ ಹಿಡಿ ಸಕ್ಕರೆ. ಅಂಗೈಯ ಬುಡದಿಂದ ವೃತ್ತಾಕಾರವಾಗಿ ಒತ್ತಿ ತಿಕ್ಕಿ. ಮೊದಲು ಒರಟು ಎನಿಸುತ್ತದೆ. ಸಕ್ಕರೆಯ ಹರಳು ಇಲ್ಲಿ ಸಿಹಿ ಕೊಡುವುದಷ್ಟೇ ಅಲ್ಲ, ಮರಳಿನಂತೆ ಮೊಸರಿನ ಗಂಟುಗಳನ್ನು ಬಟ್ಟೆಯ ಎಳೆಗಳ ಮೇಲೆ ಅರೆಯುತ್ತದೆ. ಆದ್ದರಿಂದ ಹಿಟ್ಟಿನಂತೆ ಪುಡಿ ಮಾಡಿದ ಸಕ್ಕರೆ ಬೇಡ. ಕಲ್ಲುಸಕ್ಕರೆಯನ್ನು ಸಣ್ಣ ರವೆಯ ಹದಕ್ಕೆ ಕುಟ್ಟಿಕೊಂಡರೆ ಎಲ್ಲಕ್ಕಿಂತ ಒಳ್ಳೆಯದು. ನಾಲ್ಕಾರು ಸುತ್ತು ತಿಕ್ಕಿದೊಡನೆ ಸಕ್ಕರೆ ಮೊಸರಿನ ತೇವವನ್ನು ಎಳೆದು ಕರಗಲು ಶುರುವಾಗುತ್ತದೆ, ಮೊಸರು ಹೊಳಪಿಗೆ ತಿರುಗುತ್ತದೆ. ಆಗ ಒಂದು ಸೌಟು ಹಾಲು ಬಿಟ್ಟು ಮತ್ತೆ ತಿಕ್ಕಿ, ಕೆಳಗಿಳಿಯಲು ಬಿಡಿ. ಆಮೇಲೆ ಇನ್ನೊಂದು ಹಿಡಿ.

ಸ್ವಲ್ಪ ಸ್ವಲ್ಪ ಎಂಬ ಮಾತನ್ನು ಮೀರಿದರೆ ಏನಾಗುತ್ತದೆಂದು ಈ ಪಕ್ಕದ ಬೋಗುಣಿಯಲ್ಲಿ ನೋಡಬಹುದು. ಎಲ್ಲ ಚಕ್ಕಾ, ಎಲ್ಲ ಸಕ್ಕರೆ, ಎಲ್ಲ ಹಾಲು ಒಟ್ಟಿಗೆ ಬಟ್ಟೆಗೆ ಸುರಿದಿದೆ. ಸಕ್ಕರೆ ಕರಗಿದ ಹಾಲು ಸರಸರ ಇಳಿದುಹೋಗಿದೆ. ಮೊಸರು ಗಂಟುಗಂಟಾಗಿ ಮೇಲೆ ಕೂತಿದೆ. ಕೆಳಗಿನದು ತೆಳು, ಮೇಲಿನದು ಸಪ್ಪೆ. ಇದನ್ನು ಸರಿಪಡಿಸಲು ದಾರಿಯಿದೆ: ಮೇಲಿನದನ್ನು ತೆಗೆದು, ಇಳಿದ ಹಾಲನ್ನೇ ಸೌಟು ಸೌಟಾಗಿ ಬಿಡುತ್ತ ಮತ್ತೆ ತಿಕ್ಕಬೇಕು. ಎರಡು ಪಟ್ಟು ಕೆಲಸ.

ಹಾಲು ಕಾಯಿಸಿ ಪೂರ್ತಿ ತಣಿಸಿದ್ದಿರಲಿ, ಕೆನೆ ತೆಗೆದಿರಲಿ. ಕೆನೆಯ ಪದರ ಬಟ್ಟೆಯ ರಂಧ್ರ ಮುಚ್ಚುತ್ತದೆ. ಹಾಲು ಬೆಚ್ಚಗಿದ್ದರಂತೂ ಚಕ್ಕಾದ ಹುಳಿ ತಾಗಿ ಒಡೆದು ಕಾಳುಕಟ್ಟುತ್ತದೆ, ಅದಕ್ಕೆ ಮದ್ದಿಲ್ಲ. ಮೊದಲ ಸಲ ಮಾಡುವವರು ಅರ್ಧ ಲೀಟರ್ ಹಾಲಿಗೇ ನಿಲ್ಲಿಸಿ ರುಚಿ ನೋಡಿ. ಆಗ ಅದು ಗಟ್ಟಿ ಪಾಯಸದ ಹದದಲ್ಲಿರುತ್ತದೆ. ಉಳಿದದ್ದನ್ನು ಆಮೇಲೆ ಸೇರಿಸಬಹುದು, ಸೇರಿಸಿದ್ದನ್ನು ತೆಗೆಯಲಾಗದು. ಅರ್ಧ ಕಿಲೋ ಚಕ್ಕಾ ತಿಕ್ಕಿ ಮುಗಿಸಲು ಇಪ್ಪತ್ತೈದು ಮೂವತ್ತು ನಿಮಿಷ ಬೇಕು.

ಮಿಕ್ಸಿಯಲ್ಲಿ ಹಾಕಿದರೆ ಆಗದೆ ಎಂದು ಈಗ ಯಾರೋ ಕೇಳಿದಿರಿ. ಆಗುತ್ತದೆ, ಆದರೆ ಬೇರೆಯೇ ಆಗುತ್ತದೆ. ಬ್ಲೇಡಿನ ವೇಗಕ್ಕೆ ಮೊಸರಿನ ಹೆಣಿಗೆ ಹರಿದು ನೀರಾಗುತ್ತದೆ, ಗಾಳಿ ಸೇರಿ ನೊರೆ ಬರುತ್ತದೆ, ಎಮ್ಮೆಯ ಜಿಡ್ಡು ಬೆಣ್ಣೆಯ ಕಣವಾಗಿ ತೇಲುತ್ತದೆ. ಬಟ್ಟೆಯೇ ಬೇಡವೆಂದರೆ ಸಣ್ಣ ಕಣ್ಣಿನ ಸ್ಟೀಲ್ ಜರಡಿಯಲ್ಲಿ ಎರಡು ಸಲ ತಿಕ್ಕಿ ಇಳಿಸಿ. ನುಣುಪು ಮುಕ್ಕಾಲು ಪಾಲು ಬರುತ್ತದೆ.

ಮಸಾಲೆಗೆ ಶ್ಲೋಕ ಅಳತೆ ಕೊಟ್ಟಿಲ್ಲ, ತಕ್ಕಷ್ಟು ಎಂದಿದೆ. ಮೇಲಿನ ಪ್ರಮಾಣಕ್ಕೆ ಹನ್ನೆರಡು ಏಲಕ್ಕಿ, ನಾಲ್ಕು ಲವಂಗ, ಅರ್ಧ ಟೀ ಚಮಚ ಕಾಳುಮೆಣಸಿನ ಪುಡಿ ಇಟ್ಟುಕೊಳ್ಳಿ. ಏಲಾಬೀಜ ಎಂದೇ ಇರುವುದರಿಂದ ಸಿಪ್ಪೆ ಬೇಡ. ಸಿಪ್ಪೆಯ ನಾರು ನುಣುಪನ್ನು ಕೆಡಿಸುತ್ತದೆ, ಕಹಿಯನ್ನೂ ತರುತ್ತದೆ. ಬೀಜ, ಲವಂಗಗಳನ್ನು ಒಂದು ಚಮಚ ಸಕ್ಕರೆಯೊಂದಿಗೆ ಕುಟ್ಟಾಣಿಯಲ್ಲಿ ಅರೆದು ಬಟ್ಟೆಯಲ್ಲೇ ಜಾಲಿಸಿ. ಲವಂಗದ ಮೊಗ್ಗಿನ ತಲೆ ಸಾಕು, ಕಡ್ಡಿ ಒಗರು. ಐದು ಆರು ಲವಂಗಕ್ಕೆ ಹೋದರೆ ನಾಲಿಗೆ ಜೋಮು ಹಿಡಿದು ಉಳಿದ ಮೂರರ ರುಚಿ ಸತ್ತುಹೋಗುತ್ತದೆ. ಮೆಣಸನ್ನು ಆಗಲೇ ಪುಡಿ ಮಾಡಿ. ಬಿಳಿಯ ರಸಾಲೆಯಲ್ಲಿ ಕಪ್ಪು ಚುಕ್ಕೆ ಕಾಣುತ್ತದೆಂದು ಅದನ್ನು ಬಿಡುವವರಿದ್ದಾರೆ, ಬಿಡಬೇಡಿ. ಜಿಡ್ಡು ಮತ್ತು ಸಿಹಿ ಗಂಟಲಲ್ಲಿ ಇಳಿದ ಮೇಲೆ ಹಿಂದಿನಿಂದ ಬರುವ ಬಿಸಿ ಮೆಣಸಿನದೇ. ಏಲಕ್ಕಿ, ಮೆಣಸು ನಮ್ಮ ಮಲೆನಾಡಿನ ಬೆಳೆ. ಲವಂಗ ಮಲುಕು ದ್ವೀಪಗಳಿಂದ, ಕರ್ಪೂರ ಸುಮಾತ್ರ, ಬೋರ್ನಿಯೊ ಕಾಡುಗಳಿಂದ ಹಡಗೇರಿ ಬರುತ್ತಿದ್ದ ಕಾಲ ಅದು. ಒಂದು ಮಡಕೆ ಮೊಸರಿಗೆ ಅಷ್ಟು ದೂರದ ಸರಕು ಬೀಳುತ್ತಿತ್ತು.

ಕರ್ಪೂರದ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಆರತಿಯ ಕರ್ಪೂರ ವಿಷ. ಅದನ್ನು ಯಾವ ಕಾರಣಕ್ಕೂ ತಿನಿಸಿಗೆ ಹಾಕಬಾರದು. ಅಡುಗೆಯದು ಪಚ್ಚಕರ್ಪೂರ, ತಿನ್ನಲು ಯೋಗ್ಯ ಎಂದು ಪೊಟ್ಟಣದ ಮೇಲೆ ಬರೆದಿರುವುದನ್ನೇ ಕೊಳ್ಳಿ. ಅದರಲ್ಲೂ ಈ ಇಡೀ ಮಡಕೆಗೆ ಎರಡು ಸಾಸಿವೆ ಕಾಳಿನಷ್ಟು ಸಾಕು. ಪುಟ್ಟ ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡುವುದಾದರೆ ಪೂರ್ತಿ ಬಿಟ್ಟುಬಿಡಿ; ಮಕ್ಕಳಿಗೆ ಕರ್ಪೂರ ಅಲ್ಪ ಪ್ರಮಾಣದಲ್ಲೂ ಅಪಾಯ. ಅದು ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಆದ್ದರಿಂದ ನೇರ ಮಡಕೆಗೆ ಉದುರಿಸಿದರೆ ಯಾರದೋ ಒಬ್ಬರ ಲೋಟಕ್ಕೆ ಇಡಿಯಾಗಿ ಹೋಗುತ್ತದೆ. ಒಂದು ಚಮಚ ಕೆನೆಯಲ್ಲಿ ಚೆನ್ನಾಗಿ ಅರೆದು, ಎಲ್ಲಕ್ಕಿಂತ ಕೊನೆಗೆ ಬೆರೆಸಿ ಮುಚ್ಚಳ ಹಾಕಿ. ತೆರೆದಿಟ್ಟರೆ ಆವಿಯಾಗಿ ಹೋಗುತ್ತದೆ.

ರಸಾಲೆಗೆ ಇನ್ನೊಂದು ಹಳೆಯ ಪಾಕ ಇದೆ, ಇದಕ್ಕಿಂತ ಖಾರದ್ದು. ಚರಕಸಂಹಿತೆ ರಸಾಲೆಯನ್ನು ಬಲ, ರುಚಿ ಕೊಡುವುದೆಂದು ಹೊಗಳಿ ಮುಂದೆ ಹೋಗುತ್ತದೆ, ಪಾಕ ಹೇಳುವುದಿಲ್ಲ. ಅದಕ್ಕೆ 11ನೆಯ ಶತಮಾನದಲ್ಲಿ ಟೀಕೆ ಬರೆದ ಚಕ್ರಪಾಣಿದತ್ತ ವಿವರ ಕೊಡುತ್ತಾನೆ: ಕೆನೆ ಸಮೇತ ಚೆನ್ನಾಗಿ ಅರೆದ ಮೊಸರು, ಬೆಲ್ಲ, ಹಸಿ ಶುಂಠಿ, ಒಣ ಶುಂಠಿ, ಜೀರಿಗೆ, ಮತ್ತು ಚಾತುರ್ಜಾತ. ಚಾತುರ್ಜಾತವೆಂದರೆ ಏಲಕ್ಕಿ, ದಾಲ್ಚಿನ್ನಿ, ಅದೇ ಜಾತಿಯ ಮರದ ಎಲೆಯಾದ ಪತ್ರೆ, ನಾಗಕೇಸರ. ಇಲ್ಲಿ ಹಾಲು ಇಲ್ಲ, ಗಮನಿಸಿ. ಹಸಿ ಶುಂಠಿಯ ರಸದಲ್ಲಿ ಹಾಲಿನ ಪ್ರೋಟೀನನ್ನು ತುಂಡರಿಸುವ ಕಿಣ್ವವಿದೆ. ಹಾಲಿಗೆ ಬಿದ್ದರೆ ಅದನ್ನು ಒಡೆಸುತ್ತದೆ. ಬೆಲ್ಲವೂ ಹಾಲಿಗೆ ಎಲ್ಲ ಸಲ ಒಗ್ಗುವುದಿಲ್ಲ. ಶುಂಠಿ ಬೆಲ್ಲ ಇರುವಲ್ಲಿ ಹಾಲಿಲ್ಲ, ಹಾಲು ಇರುವಲ್ಲಿ ಶುಂಠಿ ಬೆಲ್ಲ ಇಲ್ಲ. ಎರಡು ಪಾಕಗಳನ್ನು ಬೆರೆಸಬಾರದು.

ಇದಕ್ಕೆ ಅರ್ಧ ಕಿಲೋ ಗಟ್ಟಿ ಎಮ್ಮೆ ಮೊಸರು, 125 ಗ್ರಾಂ ಪುಡಿ ಬೆಲ್ಲ, ಆರು ಏಲಕ್ಕಿ, ಕಾಲು ಟೀ ಚಮಚ ದಾಲ್ಚಿನ್ನಿ ಪುಡಿ, ಒಂದೊಂದು ಚಿಟಿಕೆ ಪತ್ರೆ ಮತ್ತು ನಾಗಕೇಸರ, ಕಾಲು ಚಮಚ ಹುರಿದ ಜೀರಿಗೆ ಪುಡಿ, ಕಾಲು ಚಮಚ ಒಣ ಶುಂಠಿ, ಒಂದು ಚಮಚ ಹಸಿ ಶುಂಠಿ ರಸ. ಬೆಲ್ಲದಲ್ಲಿ ಮಣ್ಣು ಕಸ ಇರುವುದರಿಂದ ಅದನ್ನೂ ಬಟ್ಟೆಯಲ್ಲೇ ತಿಕ್ಕಿ ಇಳಿಸಿ. ಶುಂಠಿ ರಸವನ್ನು ಬಡಿಸುವ ಹೊತ್ತಿಗೆ ಹಾಕಿ. ಎರಡು ಗಂಟೆ ಬಿಟ್ಟರೆ ಅದೇ ಕಿಣ್ವದಿಂದ ಮೊಸರು ತೆಳುವಾಗಿ ಕಹಿ ಸುಳಿಯುತ್ತದೆ. ನಾಗಕೇಸರದ ಹೆಸರಿನಲ್ಲಿ ಅಂಗಡಿಯಲ್ಲಿ ಬೇರೆ ಬೇರೆ ವಸ್ತು ಕೊಡುತ್ತಾರೆ: ಸುರಗಿಯ ಕೆಂಪು ಮೊಗ್ಗು, ದಾಲ್ಚಿನ್ನಿ ಜಾತಿಯ ಕಪ್ಪು ಎಳೆಗಾಯಿ. ಬೇಕಾದದ್ದು ನಾಗಸಂಪಿಗೆ ಹೂವಿನ ಹಳದಿ ಕೇಸರ. ಸಿಗದಿದ್ದರೆ ಬಿಡಿ, ಬದಲಿ ಹಾಕಬೇಡಿ.

ಯಾವಾಗ ಕುಡಿಯಬೇಕು ಎಂಬುದನ್ನೂ ಭಾವಪ್ರಕಾಶ ಹೇಳಿದೆ. ವಸಂತ ಋತು ಬಿಟ್ಟು, ಗ್ರೀಷ್ಮ ಮತ್ತು ಶರತ್ಕಾಲದ ಬಿಸಿಲಿಗೆ ಬಾಡಿದವರಿಗೆ, ದಾರಿ ನಡೆದು ದಣಿದವರಿಗೆ. ಅಡುಗೆಯವರ ಕಡೆಯಿಂದ ಒಂದೇ ಎಚ್ಚರಿಕೆ: ಇದು ಇಡುವ ಸಿಹಿಯಲ್ಲ. ಚಕ್ಕಾದಲ್ಲಿ ಹೆಪ್ಪಿನ ಜೀವ ಇನ್ನೂ ಇದೆ, ಈಗ ಅದಕ್ಕೆ ಹೊಸ ಹಾಲು ಸಿಕ್ಕಿದೆ. ಹೊರಗಿಟ್ಟರೆ ಮೂರು ನಾಲ್ಕು ಗಂಟೆಯಲ್ಲಿ ಮಡಕೆಯಲ್ಲಿರುವುದು ಮತ್ತೆ ಮೊಸರಾಗಲು ಹೊರಡುತ್ತದೆ. ಫ್ರಿಜ್ಜಿನಲ್ಲಿ ಸಂಜೆಯವರೆಗೆ ಇರುತ್ತದೆ, ಅಡಿಯಲ್ಲಿ ತೆಳು ನೀರು ನಿಲ್ಲುತ್ತದೆ. ಮರದ ಸೌಟಿನಿಂದ ನಿಧಾನವಾಗಿ ತಿರುವಿದರೆ ಕೂಡಿಕೊಳ್ಳುತ್ತದೆ. ಚಕ್ಕಾ ಮಾತ್ರ ಮುಂಚಿತವಾಗಿ ಮಾಡಿ ಎರಡು ದಿನ ತಣ್ಣಗಿಡಬಹುದು. ಬಡಿಸುವ ಒಂದು ಗಂಟೆ ಮೊದಲು ತಿಕ್ಕಿ.

ಬಸಿದ ತಿಳಿನೀರನ್ನು ಚೆಲ್ಲಬೇಡಿ. ಉಪ್ಪು, ಇಂಗು, ಕರಿಬೇವು ಹಾಕಿ ಕುಡಿಯಬಹುದು, ಚಪಾತಿ ಹಿಟ್ಟು ಕಲಸಬಹುದು. ತಿಕ್ಕಿದ ಬಟ್ಟೆಯನ್ನು ಕೂಡಲೇ ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಬಿಸಿನೀರು. ಮೊದಲೇ ಬಿಸಿನೀರಿಗೆ ಹಾಕಿದರೆ ಮೊಸರು ಎಳೆಗಳ ನಡುವೆ ಬೆಂದು ಅಂಟಿಕೊಳ್ಳುತ್ತದೆ, ಮುಂದಿನ ಸಲ ಅದರಲ್ಲಿ ಏನೂ ಇಳಿಯುವುದಿಲ್ಲ.